‘ನೇರವಾಗಿ’ ಅನ್ನೋ ಒಂದು ಪದ

ಆಳಂದ ತಾಲೂಕಿನ ಹಿರೋಳ್ಳಿ ನನ್ನ ಅಜ್ಜಿಯ ಊರು. ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಬೇಸಿಗೆ ರಜೆಗೆ ಹೋದಾಗ ನಮ್ಮ ಕಣ್ಣಿಗೆ ಕಾಣ್ತಿದ್ದ ಸರ್ಕಾರ ಅಂದ್ರೆ ಪಂಚಾಯಿತಿ ವಾಟರ್‌ಮನ್ ಒಬ್ಬನೇ. “ನಳಕ್ಕ ನೀರು ಬಂದಾವ” ಅಂತ ಓಣಿಯಲ್ಲಿ ಕೂಗು ಎದ್ದರೆ ಅಜ್ಜಿ ಊಟ ಬಿಟ್ಟು ಕೊಡ ಹಿಡಿಯೋಳು. ನೀರು ಬರದಿದ್ದರೆ ಸೀದಾ ಅವನ ಮನೆ ಬಾಗಿಲಿಗೇ ಹೋಗಿ ಬೈದು ಬರೋಳು.

ಈಗ ಕಲಬುರಗಿಗೆ ಬನ್ನಿ. 2004ರಲ್ಲಿ, ಅದಿನ್ನೂ ಗುಲ್ಬರ್ಗ ಆಗಿದ್ದಾಗ, ವಿಶ್ವಬ್ಯಾಂಕ್ ಒಂದು ಯೋಜನೆಗೆ ಸಾಲ ಕೊಡ್ತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಗುಲ್ಬರ್ಗದ ಕೆಲವೇ ಬಡಾವಣೆಗಳಿಗೆ ದಿನದ 24 ಗಂಟೆಯೂ ನೀರು. ನಡೆಸುವ ಹೊಣೆ ಫ್ರಾನ್ಸಿನ ವಿಯೋಲಿಯಾ ಕಂಪನಿಗೆ. ಮೆಚ್ಚಲೇಬೇಕಾದ ಮಾತು ಹೇಳಿಬಿಡ್ತೀನಿ: ನೀರು ಬಂತು. ನಾನಾಗ ಎಂಜಿನಿಯರಿಂಗ್ ಓದ್ತಿದ್ದೆ. ಆ ಬಡಾವಣೆಯಲ್ಲಿದ್ದ ಗೆಳೆಯನ ರೂಮಿನಲ್ಲಿ ಮಧ್ಯರಾತ್ರಿ ನಳ ತಿರುಗಿಸಿ ನೋಡಿದವನು ನಾನು. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಹೊರಗಿನ ಕೊಳಚೆ ಒಳಗೆ ನುಗ್ಗೋದಿಲ್ಲ. ಪಾಠದಲ್ಲಿ ಓದಿದ್ದು ಕಣ್ಣೆದುರೇ ಇತ್ತು. ಆದರೆ ಹೊಸ ಪೈಪಿಗೆ ಸುರಿದ ಹಣ ಕಂಪನಿಯದ್ದಲ್ಲ, ಸಾರ್ವಜನಿಕರದ್ದು. ಕಂಪನಿಗೆ ಸಿಕ್ಕಿದ್ದು ನಡೆಸಿದ್ದಕ್ಕೆ ಶುಲ್ಕ.

ಖಾಸಗೀಕರಣ ಬೇಡ ಅಂತ ಸಂಘಟನೆಗಳು ಕೂಗಿದಾಗಲೆಲ್ಲ ಸರ್ಕಾರದ ಉತ್ತರ ಒಂದೇ. ಪೈಪು ನಮ್ಮದು, ಟ್ಯಾಂಕು ನಮ್ಮದು, ದರ ನಾವೇ ನಿಗದಿ ಮಾಡ್ತೀವಿ, ಕಂಪನಿ ನಡೆಸುತ್ತೆ ಅಷ್ಟೇ. ಹಾಗಾದ್ರೆ ಇದು ಖಾಸಗೀಕರಣ ಹೌದೋ ಅಲ್ಲವೋ? ನನಗೂ ಬಹಳ ದಿನ ಬಗೆಹರಿದಿರಲಿಲ್ಲ.

ಉತ್ತರ ಸಿಕ್ಕಿದ್ದು ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ. ಅಲ್ಲಿನ ಸರ್ಕಾರಿ ನೀರು ಸಂಸ್ಥೆ ಓಎಸ್‌ಇ. 1952ರಲ್ಲಿ ಹುಟ್ಟಿದ್ದು. ಮಾಲ್ಡೊನಾಡೊ ಪ್ರದೇಶದ ನೀರು ವಿದೇಶಿ ಕಂಪನಿಗಳ ಕೈಗೆ ಹೋದಾಗ ಈ ಸಂಸ್ಥೆಯ ನೌಕರರ ಸಂಘ ಎಫ್‌ಎಫ್‌ಓಎಸ್‌ಇ ಎದ್ದು ನಿಂತಿತು. ಸಂಬಳದ ಬೇಡಿಕೆ ಹಿಡಿದು ಮುಷ್ಕರ ಕೂತಿದ್ದರೆ ಜನ ಬೈತಿದ್ದರೋ ಏನೋ! ಆದರೆ ಅವರು 2002ರಲ್ಲಿ ಪರಿಸರವಾದಿಗಳನ್ನ, ಬಡಾವಣೆಯ ಜನರನ್ನ ಜೊತೆಗೆ ಸೇರಿಸಿಕೊಂಡರು, ಊರೂರು ತಿರುಗಿ ಸಹಿ ಸಂಗ್ರಹಿಸಿದರು. 2004ರ ಅಕ್ಟೋಬರ್ 31, ಸಾರ್ವತ್ರಿಕ ಚುನಾವಣೆಯ ದಿನವೇ ಜನಮತಗಣನೆ. ಶೇ. 60ಕ್ಕೂ ಹೆಚ್ಚು ಜನ ಹೌದು ಅಂದರು. ಸಂವಿಧಾನವೇ ಬದಲಾಯಿತು. ಅದರಲ್ಲಿ ಬರೆದದ್ದನ್ನ ಗಮನಿಸಿ: ಮನೆಮನೆಗೆ ನೀರು ಕೊಡುವ ಕೆಲಸವನ್ನ ಸರ್ಕಾರಿ ಸಂಸ್ಥೆಗಳು ಮಾತ್ರ, ಅದೂ ‘ನೇರವಾಗಿ’ ಮಾಡಬೇಕು. ನಮ್ಮಲ್ಲಿ ಹೇಳಿದ “ನಡೆಸುತ್ತೆ ಅಷ್ಟೇ” ಅನ್ನೋ ಬಾಗಿಲು ಅಲ್ಲಿ ಆ ಒಂದೇ ಪದಕ್ಕೆ ಮುಚ್ಚಿಹೋಯ್ತು.

ತಮಾಷೆ ನೋಡಿ, ವಿಯೋಲಿಯಾದ ತವರು ಪ್ಯಾರಿಸ್ ಕೂಡ 2010ರಲ್ಲಿ ನೀರನ್ನ ಕಂಪನಿಗಳಿಂದ ವಾಪಸ್ ನಗರಾಡಳಿತಕ್ಕೆ ತಗೊಂಡಿತು.

ನಮ್ಮ ಆ ಮೂರು ಊರುಗಳಲ್ಲಿ ಈಗ ಇಡೀ ನಗರದ ನೀರು ಎಲ್ ಅಂಡ್ ಟಿ ಕೈಯಲ್ಲಿ. ಹುಬ್ಬಳ್ಳಿ-ಧಾರವಾಡದಲ್ಲಿ ಜಲಮಂಡಳಿಯಿಂದ ಕಂಪನಿಗೆ ಹೊಣೆ ಹೋದಾಗ, ಮಂಡಳಿಯಲ್ಲಿ ದುಡಿದಿದ್ದ ಗುತ್ತಿಗೆ ನೌಕರರು ಕೆಲಸ ಕೊಡಿ, ಬಾಕಿ ಸಂಬಳ ಕೊಡಿ ಅಂತ ಧರಣಿ ಕೂತರು. ಆ ಸುದ್ದಿ ಓದಿದವನು ನಾನೇ. ‘ನೌಕರರ ಪ್ರತಿಭಟನೆ’ ಅಂತ ಪಟ್ಟಿ ಹಾಕಿ, ಒಂದು ನಿಮಿಷದಲ್ಲಿ ಮುಗಿಸಿ ಮುಂದಿನ ಸುದ್ದಿಗೆ ಹೋದ್ವಿ. ಯಾವ ಓಣಿಯ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು ಅಂತ ಬಲ್ಲವರು ಅವರು. ಊರಿನ ನೀರು ಯಾರ ಕೈಯಲ್ಲಿರಬೇಕು ಅಂತ ಅವರನ್ನ ಕೇಳಬೇಕು ಅನ್ನೋದು ಆವತ್ತು ಸ್ಟುಡಿಯೋದಲ್ಲಿ ಯಾರಿಗೂ ಹೊಳೀಲಿಲ್ಲ. ನನಗೂ.