‘ಮಾರಿದ ಮಾಲು ವಾಪಸ್ ಇಲ್ಲ’ ಅನ್ನೋ ಬೋರ್ಡಿಗೆ ಕಾನೂನಿನ ಬಲ ಇದೆಯಾ?

ಕಳೆದ ವರ್ಷ ಮೈಸೂರಿನಲ್ಲಿ ನಮ್ಮ ಬೀದಿನಾಟಕ ತಂಡಕ್ಕೆ ಒಂದು ಹಾರ್ಮೋನಿಯಂ ಕೊಂಡೆವು. 14,500 ರೂಪಾಯಿ. ಏಳು ಜನ ಸೇರಿ ಹಾಕಿದ ದುಡ್ಡು, ಅದರಲ್ಲಿ ಇಬ್ಬರದು ಸ್ಕಾಲರ್‌ಶಿಪ್ ಹಣ. ಅಂಗಡಿಯಲ್ಲಿ ಮಾಲೀಕರು ನುಡಿಸಿ ತೋರಿಸಿದಾಗ ಚೆನ್ನಾಗೇ ಇತ್ತು. ಮೂರನೇ ದಿನ ಒಂದು ಕೀ ಮುಟ್ಟದೇ ಇದ್ದರೂ ಸಣ್ಣಗೆ ಕೂಗೋಕೆ ಶುರುವಾಯ್ತು. ತಿದಿ ಎಷ್ಟು ಒತ್ತಿದರೂ ಗಾಳಿ ನಿಲ್ಲುತ್ತಿರಲಿಲ್ಲ.

ವಾಪಸ್ ತಗೊಂಡು ಹೋದಾಗ ಮಾಲೀಕರು ಗೋಡೆಯ ಬೋರ್ಡ್ ತೋರಿಸಿದರು. “ನೋಡಿ ತಮ್ಮಾ, ಮಾರಿದ ಮಾಲು ವಾಪಸ್ ಇಲ್ಲ. ಮಳೆಗಾಲ, ಮರ ಉಬ್ಬಿರತ್ತೆ. ಮುಂದಿನ ವಾರ ಬನ್ನಿ, ನಮ್ ರಿಪೇರಿಯವನು ನೋಡ್ತಾನೆ.”

ಆ ‘ಮುಂದಿನ ವಾರ’ ಮೂರು ಸಲ ಬಂತು. ಅಷ್ಟರಲ್ಲಿ 22 ದಿನ ಕಳೆದಿತ್ತು. ಲೆಕ್ಕ ಹಾಕಬೇಕಾದದ್ದು ಈ ದಿನಗಳನ್ನೇ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(47)ರ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಬರೆದ ಅವಧಿಯೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ‘ಅನುಚಿತ ವ್ಯಾಪಾರ ಪದ್ಧತಿ’. ಬಿಲ್‌ನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನ. ‘ವಾಪಸ್ ಇಲ್ಲ’ ಅನ್ನೋದು ಒಂದು ಅವಧಿ ಅಲ್ಲ. ಅಂದಮೇಲೆ ಆ ಬೋರ್ಡ್ ಬರೀ ಬೋರ್ಡ್. ಬಿಲ್ ಕೊಡದಿರುವುದು ಕೂಡ ಇದೇ ಸೆಕ್ಷನ್ನಿನಡಿ ತಪ್ಪು. “ಬಿಲ್ ಬೇಡ ಅಂದ್ರೆ 500 ಕಡಿಮೆ ಮಾಡ್ತೀನಿ” ಅಂದಾಗ ನಾವು ಒಪ್ಪದಿದ್ದದ್ದು ಪುಣ್ಯ.

ಆದರೆ ಮನಸ್ಸಿಗೆ ಹಿಡಿಸಲಿಲ್ಲ ಅನ್ನೋದು ದೋಷ ಅಲ್ಲ. ಇಲ್ಲಿ ನಾವೂ ಪ್ರಾಮಾಣಿಕವಾಗಿರಬೇಕು. ಮರದ ವಾದ್ಯ ಹವಾಮಾನಕ್ಕೆ ಸ್ವಲ್ಪ ಬದಲಾಗುವುದು ನಿಜ, ಹೊಸ ಗಿಟಾರಿನ ತಂತಿ ಕೆಲವು ದಿನ ಶ್ರುತಿ ತಪ್ಪುತ್ತಲೇ ಇರುತ್ತದೆ. ಹಾರ್ಮೋನಿಯಂ ಆದರೆ ಸ್ಟಾಪರ್ ಎಲ್ಲ ಮುಚ್ಚಿ ತಿದಿ ತುಂಬಿ ಬಿಡಿ. ಗಾಳಿ ನಿಧಾನಕ್ಕೆ ಇಳಿಯಬೇಕು, ದಬಕ್ ಅಂತ ಇಳಿದರೆ ಸೋರಿಕೆ ಇದೆ. ಸ್ಟಾಪರ್ ತೆರೆದು ಯಾವ ಕೀ ಕೂಡ ಮುಟ್ಟದೆ ತಿದಿ ಹಾಕಿ, ಸದ್ದು ಬರಬಾರದು. ಕೆಳಗಿನ ಸ, ಮೇಲಿನ ಸ ಒಟ್ಟಿಗೆ ಒತ್ತಿದಾಗ ದನಿ ಅಲೆ ಅಲೆಯಾಗಿ ನಡುಗಿದರೆ ರೀಡು ಕೂಡಿಲ್ಲ. ಗಿಟಾರಿನಲ್ಲಾದರೆ 12ನೇ ಫ್ರೆಟ್ ಒತ್ತಿದಾಗ ಬರುವ ಸ್ವರ, ಖಾಲಿ ತಂತಿಯ ಸ್ವರದ ಸರಿಯಾಗಿ ಮೇಲಿನ ಸ್ಥಾಯಿ ಆಗಿರಬೇಕು. ಟ್ಯೂನರ್ ಆ್ಯಪ್ ಇಟ್ಟುಕೊಂಡು ಇದನ್ನೆಲ್ಲ ವಿಡಿಯೋ ಮಾಡಿ. ಕೊಳ್ಳುವಾಗಲೇ ಮಾಡಿದರೆ ಇನ್ನೂ ಒಳ್ಳೇದು. ಯಾಕಂದ್ರೆ 1930ರ ಸರಕು ಮಾರಾಟ ಕಾಯ್ದೆಯಲ್ಲಿ, ನೀವು ಪರೀಕ್ಷಿಸಿದಾಗಲೇ ಕಣ್ಣಿಗೆ ಬೀಳಬೇಕಿದ್ದ ದೋಷಕ್ಕೆ ಆಮೇಲೆ ಮಾರಾಟಗಾರ ಹೊಣೆಯಲ್ಲ ಅನ್ನೋ ಮಾತೂ ಇದೆ.

ನಾವು ಮಾಡಿದ ದೊಡ್ಡ ತಪ್ಪು ಬೇರೆ. ಪ್ರದರ್ಶನ ಹತ್ತಿರ ಬಂತು ಅಂತ ಪರಿಚಯದ ರಿಪೇರಿಯವರ ಹತ್ತಿರ ಪೆಟ್ಟಿಗೆ ಬಿಚ್ಚಿಸಿದೆವು. ತಿದಿಯ ಅಂಟೇ ಬಿಟ್ಟಿದೆ ಅಂದರು ಅವರು. ಅಂಗಡಿಯವರ ಬಾಯಿಗೆ ಹೊಸ ಮಾತು ಸಿಕ್ಕಿತು: “ಹೊರಗಡೆ ಬಿಚ್ಚಿಸಿದ್ದೀರಾ, ಇನ್ನು ನಮ್ಮ ಜವಾಬ್ದಾರಿ ಇಲ್ಲ.” ಬಿಚ್ಚೋ ಮೊದಲು ಮಾಡಿದ ವಿಡಿಯೋ ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ತಯಾರಿಸಿದವರನ್ನು ಕೇಳಿ ಅಂತಲೂ ಅಂದರು. ದುಡ್ಡು ತಗೊಂಡು ಬಿಲ್ ಕೊಟ್ಟದ್ದು ಅಂಗಡಿ. ತಯಾರಕರ ಜೊತೆಗಿನ ಜಗಳ ಅವರದ್ದು.

ಬಾಯಿಮಾತು ಬಿಟ್ಟು ಬರವಣಿಗೆಗೆ ಬಂದೆವು. ಕೊಂಡ ದಿನ, ದೋಷ ಕಂಡ ದಿನ, ಅಂಗಡಿಗೆ ಹೋದ ದಿನಗಳು, ನಮಗೆ ಬೇಕಾದದ್ದು ಹಣ ವಾಪಸ್: ಇಷ್ಟನ್ನು ಒಂದು ಪುಟದಲ್ಲಿ ಬರೆದು, 26ನೇ ದಿನ ರಿಜಿಸ್ಟರ್ಡ್ ಅಂಚೆಯಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿದೆವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆವು. ಸಹಾಯವಾಣಿ ಮಧ್ಯಸ್ಥಿಕೆ ವಹಿಸಬಹುದು, ಆದೇಶ ಮಾಡಲಾರದು.

ಆದೇಶ ಮಾಡುವುದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ಕಾಯ್ದೆ ಅನ್ನೋದಕ್ಕೂ ಕಾರಿಡಾರಿನಲ್ಲಿ ಕಾಯೋದಕ್ಕೂ ವ್ಯತ್ಯಾಸ ಇದೆ, ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು ಆರ್ಕೆಸ್ಟ್ರಾ ಕಲಾವಿದರಿಗೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಮಾತ್ರ ಕೊಂಡು ಬಳಸುವವರನ್ನು ಕಾಯ್ದೆ ಗ್ರಾಹಕರು ಅಂತಲೇ ಪರಿಗಣಿಸುತ್ತದೆ.

ನಮ್ಮದು ಆಯೋಗದವರೆಗೆ ಹೋಗಲಿಲ್ಲ. ಪತ್ರ ತಲುಪಿದ ಒಂಬತ್ತನೇ ದಿನ ಫೋನ್ ಬಂತು, “ಬನ್ನಿ ತಮ್ಮಾ, ಇಷ್ಟಕ್ಕೆಲ್ಲ ನೋಟಿಸ್ ಯಾಕೆ?” 14,000 ಕೊಟ್ಟರು. ಉಳಿದ 500 ನಾವು ಇಟ್ಟುಕೊಂಡ ಕವರಿನದ್ದಂತೆ. ಪ್ರದರ್ಶನ ಮಾತ್ರ ಅಷ್ಟರಲ್ಲಿ ಬರೀ ದಮ್ಮಡಿಯಲ್ಲಿ ಮುಗಿದುಹೋಗಿತ್ತು.