ಮಾತು ಕಡಿಮೆಯ ಹುಡುಗ

ನೆಂಟರು ಬಂದರೆ ಬಾಗಿಲ ಹಿಂದೆ ಅಡಗುವ ಮಗು ನಿಮ್ಮ ಮನೆಯಲ್ಲೂ ಇರಬಹುದು. "ಇವನು ಮುಂದೆ ಹೇಗೆ ಬದುಕ್ತಾನೋ" ಅಂತ ಚಿಂತಿಸುವ ಮೊದಲು ಹೈದರಾಬಾದಿನ ಮೊಹಮ್ಮದ್ ಅಜರುದ್ದೀನ್ ಅವರ ಬಾಲ್ಯ ನೆನಪಿಸಿಕೊಳ್ಳಿ.

1963ರಲ್ಲಿ ಹುಟ್ಟಿದ ಅಜರ್ ಬೆಳೆದದ್ದು ತಾಯಿಯ ತಂದೆಯ ಆಸರೆಯಲ್ಲಿ. ಸಂಕೋಚದ ಹುಡುಗ, ಮಾತು ಬಹಳ ಕಡಿಮೆ. ನಾನಾ ಅವರು ಮೊಮ್ಮಗನ ಆಟಕ್ಕೆ ಬೆನ್ನೆಲುಬಾಗಿ ನಿಂತರು. ಆಲ್ ಸೇಂಟ್ಸ್ ಶಾಲೆ, ನಿಜಾಮ್ ಕಾಲೇಜು, ಜೊತೆಗೆ ಕ್ರಿಕೆಟ್.

1984ರ ಡಿಸೆಂಬರ್ 31ರಂದು ಕಲ್ಕತ್ತದಲ್ಲಿ ಇಂಗ್ಲೆಂಡ್ ವಿರುದ್ಧ ಅವರ ಮೊದಲ ಟೆಸ್ಟ್ ಶುರುವಾಯಿತು. ಆಗ ವಯಸ್ಸು 21. ಅಲ್ಲಿ 110 ರನ್, ಮದ್ರಾಸಿನಲ್ಲಿ 105, ಕಾನ್ಪುರದಲ್ಲಿ 122. ಮೊದಲ ಮೂರು ಟೆಸ್ಟ್‌ಗಳಲ್ಲೂ ಶತಕ ಹೊಡೆದವರು ಅದಕ್ಕೆ ಮುಂಚೆ ಜಗತ್ತಿನಲ್ಲೇ ಯಾರೂ ಇರಲಿಲ್ಲ. 1990ರಲ್ಲಿ ಅವರು ಭಾರತದ ನಾಯಕರಾದರು.

ಗಮನಿಸಿ, ನಾಯಕನಾದ ಮೇಲೂ ಅವರು ಮಾತುಗಾರರಾಗಲಿಲ್ಲ. ಸಂಕೋಚ ಉಳಿಯಿತು, ಅಂಜಿಕೆ ಹೋಯಿತು. ಎರಡೂ ಒಂದೇ ಅಲ್ಲ.

ಕಥೆಯ ಉಳಿದ ಭಾಗವನ್ನೂ ಮಕ್ಕಳಿಂದ ಮುಚ್ಚಿಡಬೇಡಿ. 2000ದಲ್ಲಿ ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ ಬಿಸಿಸಿಐ ಅವರಿಗೆ ಆಜೀವ ನಿಷೇಧ ಹೇರಿತು. 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಅಷ್ಟರಲ್ಲಿ ಆಟದ ದಿನಗಳು ಮುಗಿದಿದ್ದವು. 99 ಟೆಸ್ಟ್‌ಗಳಿಗೇ ಲೆಕ್ಕ ನಿಂತಿತು. ಗಳಿಸಿದ ಹೆಸರನ್ನು ಕಾಯುವುದು ಎಷ್ಟು ಕಷ್ಟ ಅಂತ ಮಕ್ಕಳಿಗೂ ತಿಳಿಯಲಿ.

ಹಾಗಾಗಿ, ನಾಚುವ ಮಗುವನ್ನು "ಮಾತಾಡು, ಮಾತಾಡು" ಅಂತ ಎಲ್ಲರೆದುರು ದೂಡಬೇಡಿ. ಅದರ ಕೈ ಯಾವ ಕೆಲಸದಲ್ಲಿ ಓಡುತ್ತದೆ ನೋಡಿ: ಚೆಂಡೋ, ಲೆಕ್ಕವೋ, ಕುರ್‌ಆನ್ ಪಠಣವೋ. ದಿನಾ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಅದನ್ನೇ ಮಾಡಿಸಿ. ಒಂದು ಕೆಲಸ ಚೆನ್ನಾಗಿ ಬಂದ ಮೇಲೆ, ಇನ್ ಷಾ ಅಲ್ಲಾಹ್, ಧೈರ್ಯವೂ ಬರುತ್ತದೆ.