ವಿದ್ಯಾರ್ಥಿ ಇಂಟರ್ನ್‌ಶಿಪ್ ನಿರ್ವಹಣಾ ಮಾಹಿತಿ ವ್ಯವಸ್ಥೆ: ರಚನೆ ಮತ್ತು ಬಳಕೆ

ಪೀಠಿಕೆ

ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಕುರಿತು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿದೆ. ಇವುಗಳ ಪ್ರಕಾರ ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕೆಲಸವನ್ನು ಪರಿಗಣಿಸಲಾಗುತ್ತದೆ. ನಾಲ್ಕನೆಯ ಸೆಮಿಸ್ಟರ್ ನಂತರದ ಇಂಟರ್ನ್‌ಶಿಪ್ 60ರಿಂದ 120 ಗಂಟೆಗಳದ್ದಾಗಿದ್ದು, 2ರಿಂದ 4 ಕ್ರೆಡಿಟ್‌ಗಳನ್ನು ಹೊಂದಿರುತ್ತದೆ. ನಿರ್ವಹಿಸಿದ ಕೆಲಸವು ದಾಖಲಾಗದಿದ್ದಲ್ಲಿ ಕ್ರೆಡಿಟ್ ದೊರೆಯದೆ ಪದವಿ ಪೂರೈಸುವುದು ವಿಳಂಬವಾಗಬಹುದು. ಆದುದರಿಂದ ಮಾಹಿತಿ ವ್ಯವಸ್ಥೆಯ ವಿನ್ಯಾಸವು ಮಹತ್ವ ಪಡೆದಿದೆ.

ಬಳಕೆದಾರರು

ವಿದ್ಯಾರ್ಥಿ, ಶಿಕ್ಷಣ ಸಂಸ್ಥೆಯ ನೋಡಲ್ ಅಧಿಕಾರಿ, ಮಾರ್ಗದರ್ಶಕ ಅಧ್ಯಾಪಕ ಹಾಗೂ ಕೆಲಸ ನೀಡುವ ಸಂಸ್ಥೆಯ ಮೇಲ್ವಿಚಾರಕ. ಪ್ರತಿಯೊಬ್ಬರಿಗೂ ಅವರ ಕರ್ತವ್ಯಕ್ಕೆ ಅವಶ್ಯವಿರುವ ಮಾಹಿತಿ ಮಾತ್ರ ಲಭ್ಯವಾಗುವಂತಿರಬೇಕು. ಉದಾಹರಣೆಗೆ, ವಿದ್ಯಾರ್ಥಿಯ ಬ್ಯಾಂಕ್ ಖಾತೆ ಅಥವಾ ಜಾತಿ ವಿವರಗಳು ಮೇಲ್ವಿಚಾರಕರಿಗೆ ಕಾಣತಕ್ಕದ್ದಲ್ಲ.

ದಾಖಲೆಗಳ ರಚನೆ

ವಿದ್ಯಾರ್ಥಿ, ಸಂಸ್ಥೆ ಮತ್ತು ಇಂಟರ್ನ್‌ಶಿಪ್ ವಿವರಗಳನ್ನು ಪ್ರತ್ಯೇಕ ಕೋಷ್ಟಕಗಳಲ್ಲಿ ಇರಿಸಿ, ನೋಂದಣಿ ಸಂಖ್ಯೆಯ ಮೂಲಕ ಜೋಡಿಸಲಾಗುತ್ತದೆ. ಇದರಿಂದ ಒಬ್ಬ ವಿದ್ಯಾರ್ಥಿಯು ಎರಡು ಸಂಸ್ಥೆಗಳಲ್ಲಿ ಕೆಲಸ ಮಾಡಿದರೂ ವಿವರಗಳನ್ನು ಪುನಃ ನಮೂದಿಸಬೇಕಾಗಿಲ್ಲ.

ಕಾರ್ಯವಿಧಾನ

1. ಸಂಸ್ಥೆಯ ನೈಜತೆಯನ್ನು ನೋಡಲ್ ಅಧಿಕಾರಿಯು ಪರಿಶೀಲಿಸಿದ ನಂತರವೇ ಅವಕಾಶಗಳನ್ನು ಪ್ರಕಟಿಸುವುದು.
2. ವಿದ್ಯಾರ್ಥಿಯು ಅರ್ಜಿ ಸಲ್ಲಿಸಿ, ಸ್ವೀಕೃತಿ ಸಂಖ್ಯೆ ಪಡೆಯುವುದು.
3. ಆಯ್ಕೆಯ ನಂತರ ಮಾರ್ಗದರ್ಶಕರನ್ನು ನಿಯೋಜಿಸುವುದು.
4. ವಿದ್ಯಾರ್ಥಿಯು ಕೆಲಸದ ಗಂಟೆಗಳನ್ನು ನಮೂದಿಸುವುದು, ಮೇಲ್ವಿಚಾರಕರು ದೃಢೀಕರಿಸುವುದು.
5. ವರದಿಯ ಮೌಲ್ಯಮಾಪನದ ನಂತರ ಕ್ರೆಡಿಟ್ ದಾಖಲಿಸುವುದು.

ನಿಗದಿತ ದಿನಗಳೊಳಗೆ ಮೇಲ್ವಿಚಾರಕರು ದೃಢೀಕರಿಸದಿದ್ದಲ್ಲಿ ಆ ವಿಷಯವು ತಾನಾಗಿಯೇ ನೋಡಲ್ ಅಧಿಕಾರಿಯ ಗಮನಕ್ಕೆ ಬರುವಂತಿರಬೇಕು. ಇಲ್ಲವಾದಲ್ಲಿ ಅನ್ಯರ ವಿಳಂಬಕ್ಕೆ ವಿದ್ಯಾರ್ಥಿಯು ಹೊಣೆಯಾಗಬೇಕಾಗುತ್ತದೆ. ತಿದ್ದುಪಡಿ ಮಾಡಿದಾಗ ಹಳೆಯ ನಮೂದು ಅಳಿಸಿಹೋಗದೆ, ತಿದ್ದಿದವರ ಹೆಸರು ಮತ್ತು ದಿನಾಂಕದೊಂದಿಗೆ ಉಳಿಯಬೇಕು.

ಅರ್ಜಿದಾರರ ಗಮನಕ್ಕೆ

• ಹೆಸರು ಮತ್ತು ಜನ್ಮ ದಿನಾಂಕವು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇರಲಿ. ಕ್ರೆಡಿಟ್‌ಗಳನ್ನು 2021ರ ನಿಯಮಗಳಡಿ ಸ್ಥಾಪಿತವಾದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್‌ಗೆ ಸೇರಿಸುವಾಗ ವಿವರಗಳಲ್ಲಿನ ವ್ಯತ್ಯಾಸವು ಅಡಚಣೆಯಾಗಬಹುದು.
• ಗಂಟೆಗಳನ್ನು ಪ್ರತಿ ವಾರ ನಮೂದಿಸಿ. ಕೊನೆಯ ದಿನದವರೆಗೆ ಕಾಯಬೇಡಿ.
• ಇಂಟರ್ನ್‌ಶಿಪ್ ಕೊಡಿಸುವುದಾಗಿ ಹಣ ಕೇಳುವವರ ಬಗ್ಗೆ ನೋಡಲ್ ಅಧಿಕಾರಿಗೆ ತಿಳಿಸಿ.
• ಸ್ವೀಕೃತಿ ಪತ್ರ ಹಾಗೂ ಪೂರ್ಣಗೊಳಿಸಿದ ಪ್ರಮಾಣಪತ್ರದ ಪ್ರತಿಗಳನ್ನು ಪದವಿ ದೊರೆಯುವವರೆಗೆ ಕಾಪಾಡಿಕೊಳ್ಳಿ.